80 ಲಕ್ಷ ಫೈಲ್ ಅಳಿಸಿದ ಕತೆ

ಗಿರಾಕಿಯದ್ದು ಬಟ್ಟೆ ಮಾರುವ ವೆಬ್‌ಸೈಟ್. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. 'ಸಾರ್, ಆರ್ಡರ್ ಸೇವ್ ಆಗ್ತಿಲ್ಲ, ಡಿಸ್ಕ್ ಫುಲ್ ಅಂತಿದೆ.' ನೋಡಿದರೆ 150 ಜಿಬಿಯಲ್ಲಿ ಹತ್ತಿರ ಹತ್ತಿರ ಅರ್ಧ ಖಾಲಿ! ಮುಗಿದಿದ್ದು ಜಾಗ ಅಲ್ಲ, ಐನೋಡ್, ಅಂದರೆ ಫೈಲಿನ ವಿವರ ಇಡುವ ದಾಖಲೆ; ಫೈಲಿಗೊಂದು ಬೇಕು. ಲಿನಕ್ಸಿನ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಸುಮ್ನೆ ಬಿಟ್ಟರೆ 16 ಕೆಬಿಗೆ ಒಂದು ಐನೋಡ್ ಇಡುತ್ತದೆ. ಇಲ್ಲಿ ಒಂದೊಂದು ಥಂಬ್‌ನೇಲೂ (ಪುಟ್ಟ ಚಿತ್ರ) ಮೂರ್ನಾಲ್ಕು ಕೆಬಿ. ಒಂದೇ ಡೈರೆಕ್ಟರಿಯಲ್ಲಿ ಹೆಚ್ಚುಕಡಿಮೆ 80 ಲಕ್ಷ. ಈ ಚಿತ್ರಗಳನ್ನು ಕೂಡಿಡುವ ಕ್ಯಾಶ್ ಬರೆದ ಪುಣ್ಯಾತ್ಮ, ಹಳೆಯದನ್ನು ಆಗಾಗ ತಾನೇ ಗುಡಿಸೋ ಕ್ರಾನ್ ಬರೆದಿರಲಿಲ್ಲ.

ಮೊದಲು ಎಲ್ಲ ಹೆಸರಿಗೂ ಸಲ್ಲುವ ನಕ್ಷತ್ರ ಹಾಕಿ, ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟೆ. ಆರ್ಗ್ಯುಮೆಂಟ್ ಪಟ್ಟಿ ಉದ್ದ ಆಯ್ತು ಅಂತ ಬೈದು ವಾಪಸ್ ಬಂತು. ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟರೆ ಅದು ವಿಂಗಡಿಸುತ್ತಾ ಕೂತಿತು. ಫೈಲ್ ಹುಡುಕುವ ಫೈಂಡ್‌ನಲ್ಲಿ ಎಕ್ಸೆಕ್ ಹಾಕಿ ಅಳಿಸಿದ್ದಂತೂ ಹುಚ್ಚುತನ, ಫೈಲಿಗೊಂದು ಪ್ರೋಸೆಸ್. ಕೊನೆಗೆ ಡೈರೆಕ್ಟರಿ ಹೆಸರು ಬದಲಿಸಿ, ಅದೇ ಹೆಸರಲ್ಲಿ ಹೊಸದು ಮಾಡಿ, ಹಳೆಯದರ ಮೇಲೆ, ಒಳಗಿನದನ್ನೆಲ್ಲ ಕೇಳದೆ ಅಳಿಸುವ ಆರ್‌ಎಂ ಮೈನಸ್ ಆರ್‌ಎಫ್ ಬಿಟ್ಟೆ. ಹತ್ತು ನಿಮಿಷಕ್ಕೆ ಆರ್ಡರ್ ಬರಲು ಶುರುವಾಯ್ತು. ಹಾಗೇ ಓಡಲಿ ಅಂತ ಬಿಟ್ಟು ಮಲಗಿದೆ. ಅದೇ ತಪ್ಪಾಗಿದ್ದು.

ಮೂರು ಗಂಟೆಯಲ್ಲಿ ಹೋಗಿದ್ದು ಬರೀ ಹತ್ತು-ಹನ್ನೊಂದು ಲಕ್ಷ. ಅಷ್ಟರಲ್ಲಿ ಸೈಟೇ ಮಲಗಿತ್ತು. ಡಿಸ್ಕಿನ ಸರದಿಯಲ್ಲಿ ಈ ಕೆಲಸವನ್ನು ಹಿಂದೆ ತಳ್ಳಲು ಐಯೋನೈಸ್ ಹಾಕಿದ್ದೆ, ಆದರೆ ಸರದಿ ನಿರ್ಧರಿಸುವ ಆ ಸರ್ವರಿನ ಡೆಡ್‌ಲೈನ್ ಶೆಡ್ಯೂಲರ್ ಅದಕ್ಕೆ ಕ್ಯಾರೇ ಅನ್ನಲಿಲ್ಲ. ನನ್ನ ಬಿಲ್ಲಿನಲ್ಲಿ ಮೂರು ಸಾವಿರ ಕಟ್. ಇನ್ನೊಬ್ಬರು ಎಸ್‌ಎಸ್‌ಡಿ ಸರ್ವರಿಗೆ ಸಾಗಿಸೋಕೆ 45 ಸಾವಿರ ಹೇಳಿದ್ದರಂತೆ. ನಾನು ಎಂಟು ಸಾವಿರಕ್ಕೆ ಇದೇ ಡಿಸ್ಕಲ್ಲಿ ಮುಗಿಸ್ತೀನಿ ಅಂದೆ. ಗೆಳೆಯರು ನಕ್ಕರು. ಖಾಲಿ ಡೈರೆಕ್ಟರಿ ಇಟ್ಟು, ಒಂದರಂತೆ ಇನ್ನೊಂದನ್ನು ಮಾಡುವ ಆರ್‌ಸಿಂಕ್‌ನಲ್ಲಿ ಡಿಲೀಟ್ ಮಾಡು ಅಂತ ಎಲ್ಲರದ್ದೂ ಒಂದೇ ಮಂತ್ರ. ಅದನ್ನೂ ಮಾಡಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವಿಷಯ ಇಷ್ಟೇ. ಡೈರೆಕ್ಟರಿ ಓದಿದಾಗ ಹೆಸರುಗಳು ಹ್ಯಾಶ್ ಸಾಲಿನಲ್ಲಿ, ಅಂದರೆ ಹೆಸರಿನಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯ ಕ್ರಮದಲ್ಲಿ ಬರುತ್ತವೆ. ಐನೋಡ್ ಟೇಬಲ್ಲಿಗೂ ಆ ಸಾಲಿಗೂ ಸಂಬಂಧವೇ ಇಲ್ಲ. ತಿರುಗುವ ಡಿಸ್ಕಿನ ತಲೆ ಪ್ರತಿ ಫೈಲಿಗೂ ಅತ್ತಿಂದಿತ್ತ ಓಡಬೇಕು. ಆರ್‌ಎಂ ಐನೋಡ್ ನಂಬರ್ ಪ್ರಕಾರ ಜೋಡಿಸಿಕೊಳ್ಳುತ್ತದಲ್ಲ ಅಂತ ನೀವು ಕೇಳಬಹುದು. ಹೌದು, ಆದರೆ ಒಂದು ಸಲಕ್ಕೆ ಒಂದು ಲಕ್ಷ ಮಾತ್ರ. 80 ಲಕ್ಷ ಐನೋಡ್ ಅಂದರೆ ಸುಮಾರು ಐದು ಲಕ್ಷ ಬ್ಲಾಕ್ (ಫೈಲ್ ಸಿಸ್ಟಮ್ ಒಂದು ಸಲಕ್ಕೆ ಓದುವ ತುಂಡು), ಬ್ಲಾಕಿಗೆ 16ರಂತೆ. ಒಂದು ಲಕ್ಷ ಫೈಲನ್ನು ಅಷ್ಟರ ಮೇಲೆ ಎರಚಿದರೆ ಒಂದೊಂದೂ ಹೆಚ್ಚುಕಡಿಮೆ ಬೇರೆ ಬೇರೆ ಬ್ಲಾಕಿಗೇ ಬೀಳುತ್ತದೆ.

ಹಾಗಾಗಿ ಪೂರ್ತಿ ಪಟ್ಟಿಯನ್ನೇ ಒಟ್ಟಿಗೆ ಜೋಡಿಸಿದೆ. ಪೈಥಾನಿನ ಸ್ಕ್ಯಾನ್‌ಡಿರ್ ಸ್ಟ್ಯಾಟ್ ಮಾಡದೆ, ಅಂದರೆ ಒಂದೊಂದು ಫೈಲಿನ ವಿವರ ಓದಲು ಹೋಗದೆ, ಐನೋಡ್ ನಂಬರ್ ಕೊಡುತ್ತದೆ. ನಂಬರ್ ಮತ್ತು ಹೆಸರನ್ನು ಬೇರೆ ಡಿಸ್ಕಿನ ಫೈಲಿಗೆ ಬರೆದು, ಸಾರ್ಟ್ ಮೈನಸ್ ಎನ್ ಹಾಕಿ ನಂಬರ್ ಪ್ರಕಾರ ಜೋಡಿಸಿ, ಆ ಸಾಲಲ್ಲೇ ಅನ್‌ಲಿಂಕ್, ಅಂದರೆ ಅಳಿಸುವುದು. ಪಟ್ಟಿ ತಯಾರಾಗಲು ಹತ್ತು-ಹನ್ನೆರಡು ನಿಮಿಷ. ಉಳಿದ 65-70 ಲಕ್ಷ ಫೈಲ್ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಖಾಲಿ. ಸೈಟ್ ಒಂದು ಸಲವೂ ತಡವರಿಸಲಿಲ್ಲ, ಏಕೆಂದರೆ ನಡುನಡುವೆ ಉಸಿರು ಬಿಡಲು ಸ್ಲೀಪ್ ಇಟ್ಟಿದ್ದೆ. ಎಷ್ಟು ಹೊತ್ತು, ಯಾವುದನ್ನು ನೋಡಿ ನಿರ್ಧರಿಸಿದೆ ಅಂತ ಮಾತ್ರ ಹೇಳಲ್ಲ. ಆ ಎಂಟು ಸಾವಿರ ಅದಕ್ಕೇ ಅಲ್ವಾ! ಇನ್ನೊಂದು ಮಾತು: ಶುರು ಮಾಡುವ ಮೊದಲು ಡೈರೆಕ್ಟರಿ ಬ್ಲಾಕುಗಳೆಲ್ಲ ರ್‍ಯಾಮಿನಲ್ಲಿ ಕೂತಿರಬೇಕು. ಇಲ್ಲದಿದ್ದರೆ ಡಿಸ್ಕ್ ತಲೆಯ ಕುಣಿತ ಐನೋಡ್ ಬಿಟ್ಟು ಅಲ್ಲಿಗೆ ಬರುತ್ತದೆ.

ಎಸ್‌ಎಸ್‌ಡಿಯಲ್ಲಿ ಇದೇ ಸ್ಕ್ರಿಪ್ಟ್ ಓಡಿಸಿದೆ, ಶ್ರಮಕ್ಕೆ ತಕ್ಕ ಲಾಭ ಇಲ್ಲ. ಮನೆಯಲ್ಲಿ ಇನ್ನೊಂದು ಆಟ ಆಡಿದೆ. ಕ್ಯಾಶಿಗೇ ಬೇರೆ ಎಲ್‌ವಿಎಂ ವಾಲ್ಯೂಮ್ (ಡಿಸ್ಕಿನ ಪ್ರತ್ಯೇಕ ಪಾಲು) ಕೊಟ್ಟು, ತುಂಬಿದಾಗ ಅನ್‌ಮೌಂಟ್ ಮಾಡಿ, ಹೊಸದಾಗಿ ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಹೊಡೆದರೆ ಕೆಲವೇ ಸೆಕೆಂಡ್. ಗಿರಾಕಿಗೂ ಈಗ ಅದನ್ನೇ ಹಾಕಿಕೊಟ್ಟಿದ್ದೇನೆ, ಅದಕ್ಕೆ ಬೇರೆ ಎರಡು ಸಾವಿರ.

ಎಲ್ಲ ಮುಗಿದ ಮೇಲೆ ಖಾಲಿ ಡೈರೆಕ್ಟರಿಗೆ ಎಲ್‌ಎಸ್ ಕೊಟ್ಟರೂ ತುಸು ಹೊತ್ತು ಯೋಚಿಸುತ್ತಿತ್ತು. ಒಳಗೆ ಒಂದು ಫೈಲೂ ಇಲ್ಲ, ಆದರೂ ಅದರ ಗಾತ್ರ ಇನ್ನೂ 500 ಎಂಬಿ ಹತ್ತಿರ. ಇಎಕ್ಸ್‌ಟಿ4 ಡೈರೆಕ್ಟರಿಯನ್ನು ಕುಗ್ಗಿಸಿರಲಿಲ್ಲ. ಆರ್‌ಎಂಡಿರ್ ಮಾಡಿದ ಮೇಲೇ ಅದು ಹೋಗಿದ್ದು.