ಪೆನ್ಸಿಲ್ ಇಲ್ಲದೆ ಸ್ಪೀಡ್‌ವೇ ನೋಡಬಾರದು

ಬ್ರೇಕೇ ಇಲ್ಲದ ಬೈಕು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ನಮ್ಮ ಷಡ್ಡಕರು "ಏನ್ರೀ ಡಾಕ್ಟ್ರೇ, ಸುಮ್ನೆ ಹೇಳ್ತೀರಾ" ಎಂದು ನಗುತ್ತಾರೆ. ಆದರೆ ನಿಜ. ಸ್ಪೀಡ್‌ವೇ ಅಂದರೆ ಪುಡಿ ಹಾಸಿದ ಅಂಡಾಕಾರದ ಟ್ರ್ಯಾಕಿನಲ್ಲಿ ನಡೆಯುವ ಬೈಕ್ ರೇಸು. ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇಲ್ಲ, ಗೇರ್ ಒಂದೇ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಕುಡಿಯುವುದು ಮೆಥನಾಲ್. ನಾಲ್ಕು ಜನ, ನಾಲ್ಕು ಸುತ್ತು, ತಿರುಗುವುದೆಲ್ಲ ಎಡಕ್ಕೆ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದಿರುತ್ತದೆ. ಗೆದ್ದವನಿಗೆ 3 ಪಾಯಿಂಟ್, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ನಾನು ಮ್ಯಾಂಚೆಸ್ಟರಿಗೆ ಬಂದದ್ದು 1974ರಲ್ಲಿ. ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದ ವರ್ಷ. ಆ ಖುಷಿ ತಲೆಯಲ್ಲಿದ್ದಾಗಲೇ ವಿಮಾನ ಹತ್ತಿದ್ದೆ. ಆಸ್ಪತ್ರೆಯಲ್ಲಿ ಜೂನಿಯರ್ ಡಾಕ್ಟರ್ ಕೆಲಸ. ಪರಿಚಯದವರು ಅಂತ ಇದ್ದವರು ಕೈಬೆರಳೆಣಿಕೆಯಷ್ಟು. ನಮ್ಮ ವಾರ್ಡಿನ ಪೋರ್ಟರ್ ಒಬ್ಬರು ಒಂದು ಶನಿವಾರ ಸಂಜೆ "ಬನ್ನಿ, ನಿಮಗೊಂದು ಆಟ ತೋರಿಸ್ತೀನಿ" ಎಂದು ಬೆಲ್ ವ್ಯೂಗೆ ಕರೆದುಕೊಂಡು ಹೋದರು.

ಆಗಿನ ಬೆಲ್ ವ್ಯೂ ಅಂದರೆ ಒಂದು ಪೂರಾ ಲೋಕ. ಒಂದೇ ಜಾಗದಲ್ಲಿ ಮೃಗಾಲಯ, ಮೋಜಿನ ಪಾರ್ಕು, ಅದರ ಪಕ್ಕದಲ್ಲೇ ಹೈಡ್ ರೋಡ್ ಸ್ಟೇಡಿಯಂ. ಅಲ್ಲಿ 1929ರಿಂದ ಬೆಲ್ ವ್ಯೂ ಏಸಸ್ ತಂಡ ಓಡುತ್ತಿತ್ತು. 1977ರಲ್ಲಿ ಮೃಗಾಲಯ ಮುಚ್ಚಿತು. ಪಾಪ, ಪ್ರಾಣಿಗಳಿಗೆ ಆ ಸದ್ದಿನಲ್ಲಿ ಶನಿವಾರ ನಿದ್ದೆ ಬರುತ್ತಿತ್ತೋ ಇಲ್ಲವೋ.

ಒಳಗೆ ಹೋದ ಕೂಡಲೇ ಮೂಗಿಗೆ ಬಡಿದದ್ದು ವಾಸನೆ. ಎಲ್ಲೋ ಪರಿಚಯದ್ದು, ಆದರೆ ಏನಂತ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಎಂಜಿನ್ನಿಗೆ ಹಾಕುವ ಕ್ಯಾಸ್ಟ್ರಾಲ್ ಆರ್ ಎಣ್ಣೆಯ ಮೂಲ ನಮ್ಮ ಹರಳೆಣ್ಣೆ! ಚಿಕ್ಕಂದಿನಲ್ಲಿ ಭೇದಿಗೆ ಅಂತ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ಸುಟ್ಟಾಗ ಅದರ ವಾಸನೆ ಬೇರೆಯೇ, ಸ್ವಲ್ಪ ಸಿಹಿ. ಇವತ್ತಿಗೂ ಹಳೇ ಅಭಿಮಾನಿಗಳನ್ನು ಕೇಳಿ ನೋಡಿ, ಯಾವ ರೇಸು ನೆನಪಿದೆ ಅನ್ನುವುದಕ್ಕಿಂತ ಮೊದಲು ಈ ವಾಸನೆಯ ಮಾತು ಬರುತ್ತದೆ.

ಮೊದಲ ಕೆಲವು ವಾರ ನನಗೆ ಕಂಡದ್ದು ಧೂಳು ಮತ್ತು ಸದ್ದು ಅಷ್ಟೇ. ಶುರುವಿನ ಗೆರೆಗೆ ಅಡ್ಡ ಕಟ್ಟಿದ ಟೇಪ್ ಮೇಲೆ ಹಾರುತ್ತದೆ, ನಾಲ್ವರು ನುಗ್ಗುತ್ತಾರೆ, ಯಾರೋ ಗೆಲ್ಲುತ್ತಾರೆ. ಪೋರ್ಟರ್ ಮಾತ್ರ ಕಾರ್ಯಕ್ರಮ ಪತ್ರಿಕೆಯಲ್ಲಿ ಏನೋ ಬರೆಯುತ್ತಲೇ ಇರುತ್ತಿದ್ದರು. ಸುತ್ತ ನೋಡಿದರೆ ಎಲ್ಲರೂ ಬರೆಯುತ್ತಿದ್ದರು. ಅಜ್ಜಿಯರು, ಶಾಲೆ ಹುಡುಗರು, ಎಲ್ಲರೂ. ಕೆಲವರ ಹತ್ತಿರ ಕ್ಲಿಪ್ ಇರುವ ಹಲಗೆ, ಅದರ ಮೇಲೆ ಮಳೆಗೆ ಪ್ಲಾಸ್ಟಿಕ್ ಹೊದಿಕೆ. ಬೆಂಗಳೂರಲ್ಲಿ ಕ್ರಿಕೆಟ್ ಸ್ಕೋರ್ ಬುಕ್ಕು ಬರೆದು ಬೆಳೆದ ನನಗೆ ಇದಕ್ಕಿಂತ ಇನ್ನೇನು ಬೇಕು? ಮುಂದಿನ ವಾರದಿಂದ ನಾನೂ ಶುರು ಮಾಡಿದೆ.

ಹೇಗೆ ಬರೆಯುವುದು ಅಂತ ಹೇಳುತ್ತೇನೆ, ಯಾಕೆಂದರೆ ಆಟ ಅರ್ಥವಾಗುವುದೇ ಇದರಿಂದ. ಆಗ ಲೀಗ್ ಪಂದ್ಯಕ್ಕೆ 13 ಹೀಟ್, ಅಂದರೆ 13 ರೇಸು. ಒಂದೊಂದು ಹೀಟಿನಲ್ಲಿ ತಂಡಕ್ಕೆ ಇಬ್ಬರು. ಆತಿಥೇಯರ ಹೆಲ್ಮೆಟ್ ಕವರ್ ಕೆಂಪು ಮತ್ತು ನೀಲಿ, ಬಂದವರದು ಬಿಳಿ ಮತ್ತು ಹಳದಿ-ಕಪ್ಪು. ಒಂದು ಹೀಟಿಗೆ ಒಟ್ಟು 6 ಪಾಯಿಂಟ್, ಪಂದ್ಯಕ್ಕೆ 78. ಹಾಗಾಗಿ 40 ಮುಟ್ಟಿದವರು ಗೆದ್ದ ಹಾಗೆ. ನಮ್ಮವರಿಬ್ಬರೂ ಮುಂದೆ ಬಂದರೆ 5-1, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಎದುರಾಳಿಯೊಬ್ಬನನ್ನಾದರೂ ಹಿಂದೆ ಹಾಕಿ ತನ್ನ ತಂಡದವನ ಬೆನ್ನಿಗೇ ಬಂದವನಿಗೆ ಬೋನಸ್. ಅದು ತಂಡದ ಲೆಕ್ಕಕ್ಕೆ ಬರುವುದಿಲ್ಲ, ಅವನ ಸಂಬಳಕ್ಕೆ ಬರುತ್ತದೆ. ಅದಕ್ಕೇ ಅಂಕಿಯ ಪಕ್ಕ ಸಣ್ಣ ಗೀಟು. ಬಿದ್ದವನಿಗೆ ಎಫ್, ಎಂಜಿನ್ ಕೈಕೊಟ್ಟವನಿಗೆ ಇಎಫ್, ರೆಫರಿ ಹೊರಗೆ ಹಾಕಿದವನಿಗೆ ಎಕ್ಸ್.

ಪೆನ್ನು ಮಾತ್ರ ಬೇಡ. ಮ್ಯಾಂಚೆಸ್ಟರಿನ ಮಳೆಗೆ ಶಾಯಿ ಹರಡಿ ಅಷ್ಟೂ ಅಂಕಿ ಒಂದಾಗುತ್ತದೆ. ಒದ್ದೆ ಕಾಗದದ ಮೇಲೂ ಪೆನ್ಸಿಲ್ ಬರೆಯುತ್ತದೆ. ಮೂರನೇ ಹೀಟಿನ ಹೊತ್ತಿಗೆ ಬೆರಳು ಮರಗಟ್ಟಿದರೂ ಬರೆಯಬೇಕು. ಒಂದು ಹೀಟ್ ತಪ್ಪಿದರೆ ಪಕ್ಕದವರನ್ನು ಕೇಳಬೇಕಾಗುತ್ತದೆ. ಅವರು ಹೇಳುತ್ತಾರೆ, ಆದರೆ ಒಂಥರಾ ನೋಡಿ ಹೇಳುತ್ತಾರೆ.

ಆಮೇಲೆ ಎಲ್ಲಿ ನಿಲ್ಲುವುದು ಅನ್ನುವ ಪ್ರಶ್ನೆ. ಹೊಸಬರು ಗೆಲುವಿನ ಗೆರೆಯ ಎದುರಿಗೆ ಹೋಗಿ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅದು ದಂಡ. ರೇಸು ನಡೆಯುವುದು ಮೊದಲ ತಿರುವಿನಲ್ಲಿ. ನಾಲ್ವರೂ ಒಂದೇ ಜಾಗಕ್ಕೆ ಒಟ್ಟಿಗೆ ಬರುತ್ತಾರೆ, ಯಾರ ಹತ್ತಿರವೂ ಬ್ರೇಕ್ ಇಲ್ಲ. ಥ್ರಾಟಲ್ ಕೊಟ್ಟು ಹಿಂದಿನ ಚಕ್ರವನ್ನು ಜಾರಿಸುತ್ತಾರೆ. ಎಡಗಾಲಿನ ಉಕ್ಕಿನ ಶೂ ನೆಲಕ್ಕೆ ತಾಗಿಕೊಂಡು ಹೋಗುತ್ತದೆ. ಬೈಕು ಎಡಕ್ಕೆ ಹೋಗುತ್ತಿರುತ್ತದೆ, ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ. ಹಾಗಾಗಿ ನಾನು ಮೊದಲ ತಿರುವಿನ ಮೆಟ್ಟಿಲುಗಳ ಮೇಲೆ ನಿಲ್ಲುತ್ತಿದ್ದೆ. ಹಿಂದಿನ ಚಕ್ರ ಎರಚುವ ಶೇಲ್, ಅಂದರೆ ಕಲ್ಲಿನ ಪುಡಿ, ತಲೆಗೂದಲಿನಲ್ಲಿ, ಕಾಲರಿನಲ್ಲಿ, ಕೊಂಡುಕೊಂಡ ಚಿಪ್ಸಿನಲ್ಲಿ. ನನ್ನ ಹೆಂಡತಿ ಶನಿವಾರ ರಾತ್ರಿ ಬಾಗಿಲಲ್ಲೇ ಕೋಟು ಬಿಚ್ಚಿಸುತ್ತಿದ್ದಳು.

ಇನ್ನೊಂದು ಮಾತು. ಮುಂದೆ ಹೋಗುತ್ತಿರುವವನನ್ನು ನೋಡಬೇಡಿ. ಅವನಿಗೆ ಖಾಲಿ ದಾರಿ ಇದೆ, ಅವನು ಹೋಗುತ್ತಾನೆ. ಎರಡನೆಯವನನ್ನೂ ಮೂರನೆಯವನನ್ನೂ ನೋಡಿ. ಒಳಗಡೆ ಗೀಟಿಗೆ ಅಂಟಿಕೊಂಡು ಹೋದರೆ ದೂರ ಕಡಿಮೆ. ಹೊರಗಡೆ ಬೇಲಿಯ ಪಕ್ಕ ಪುಡಿ ಜಾಸ್ತಿ ಇರುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ, ವೇಗ ಜಾಸ್ತಿ. ಯಾವುದನ್ನು ಆರಿಸಿಕೊಳ್ಳುತ್ತಾನೆ ಅನ್ನುವುದರಲ್ಲೇ ಇಡೀ ಆಟ. ಹೈಡ್ ರೋಡ್ ಉದ್ದ, ಅಗಲ ಎರಡೂ ಇದ್ದ ಟ್ರ್ಯಾಕು. ಹಿಂದೆ ಬಿದ್ದವನಿಗೂ ಅಲ್ಲಿ ದಾರಿ ಇತ್ತು.

ಆ ದಾರಿಯನ್ನು ಪೀಟರ್ ಕಾಲಿನ್ಸ್‌ನಷ್ಟು ಚೆನ್ನಾಗಿ ಬಳಸಿದವರನ್ನು ನಾನು ನೋಡಿಲ್ಲ. ಹತ್ತಿರದ ಊರಿನ ಹುಡುಗ. ಅವನ ತಮ್ಮಂದಿರಾದ ಲೆಸ್, ಫಿಲ್, ನೀಲ್, ಸ್ಟೀಫನ್ ಕೂಡ ರೈಡರುಗಳೇ. ಬೇಲಿಗೆ ಉಜ್ಜಿಕೊಂಡು ಹೋಗಿ ಇಬ್ಬರನ್ನು ಒಂದೇ ತಿರುವಿನಲ್ಲಿ ದಾಟುವುದನ್ನು ನೋಡಿದರೆ ಪೆನ್ಸಿಲ್ ಕೈಯಲ್ಲೇ ಉಳಿಯುತ್ತಿತ್ತು. 1976ರಲ್ಲಿ ಪೋಲೆಂಡಿನ ಕಾಟೋವಿಟ್ಸೆ ಪಕ್ಕದ ಖೋಜುವ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಮರುವರ್ಷ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮುರಿದ ಕಾಲಿನಲ್ಲೇ ಫೈನಲ್ ಓಡಿ, ಮಳೆಯಲ್ಲಿ, ನ್ಯೂಜಿಲೆಂಡಿನ ಐವನ್ ಮೌಗರ್‌ಗೆ ಎರಡನೆಯವನಾದ. ಡಾಕ್ಟರಾಗಿ ನಾನು ಅದನ್ನು ಒಪ್ಪುವ ಹಾಗಿಲ್ಲ. ಅಭಿಮಾನಿಯಾಗಿ ಆ ವಾರ ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅಪಾಯದ ಮಾತು ಬಿಟ್ಟು ಈ ಆಟದ ಬಗ್ಗೆ ಬರೆಯಲು ಆಗುವುದಿಲ್ಲ. ಮೆಟ್ಟಿಲಿನ ಮೇಲೆ ನನ್ನ ಪಕ್ಕ ನಿಲ್ಲುತ್ತಿದ್ದ ಹಿರಿಯರೊಬ್ಬರಿಗೆ ಪೀಟರ್ ಕ್ರೇವನ್ ಅಂದರೆ ದೇವರು. 1955 ಮತ್ತು 1962ರ ವಿಶ್ವ ಚಾಂಪಿಯನ್, ಸಣ್ಣ ಆಳು, ಏಸಸ್ ರೈಡರ್. 1963ರಲ್ಲಿ ಎಡಿನ್‌ಬರೋದಲ್ಲಿ ಮುಂದೆ ಬಿದ್ದವನನ್ನು ತಪ್ಪಿಸಲು ಹೋಗಿ ಬೇಲಿಗೆ ಬಡಿದು, ಕೆಲವು ದಿನಗಳಲ್ಲಿ ತೀರಿಕೊಂಡ. ಆ ಹಿರಿಯರು ಅಲ್ಲಿಂದ ಮುಂದಕ್ಕೆ ಹೇಳುತ್ತಲೇ ಇರಲಿಲ್ಲ. 1978ರಲ್ಲಿ ನಮ್ಮ ಆಲನ್ ವಿಲ್ಕಿನ್ಸನ್ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಮತ್ತೆ ನಡೆಯಲಿಲ್ಲ. "ಇದನ್ನ ಹೇಗೆ ನೋಡ್ತೀಯೋ" ಎಂದು ಆಸ್ಪತ್ರೆಯ ಗೆಳೆಯರು ಕೇಳುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ವೆಂಬ್ಲಿಗೆ ಹೋಗಿದ್ದು 1981ರ ವಿಶ್ವ ಫೈನಲ್‌ಗೆ. ಹಳೇ ಪದ್ಧತಿಯ ಫೈನಲ್ಲಿನ ಲೆಕ್ಕ ನನಗೆ ಬಹಳ ಇಷ್ಟ. 16 ರೈಡರ್‌ಗಳು, 20 ಹೀಟ್. ಒಬ್ಬೊಬ್ಬನಿಗೆ ಐದು ರೇಸು. ಆ ಐದರಲ್ಲಿ ಪ್ರತಿಯೊಬ್ಬನೂ ಉಳಿದ 15 ಜನರನ್ನು ಒಂದೊಂದೇ ಸಲ ಎದುರಿಸುತ್ತಾನೆ, ಒಬ್ಬರೂ ತಪ್ಪುವುದಿಲ್ಲ, ಒಬ್ಬರೂ ಎರಡು ಸಲ ಬರುವುದಿಲ್ಲ. ಕೂತು ಚೌಕ ಹಾಕಿ ನೋಡಿ, ಎಷ್ಟು ಚಂದ ಕೂರುತ್ತದೆ ಅಂತ! ಸೆಮಿಫೈನಲ್ ಇಲ್ಲ, ಮತ್ತೊಂದು ಅವಕಾಶ ಇಲ್ಲ. ಒಂದೇ ರಾತ್ರಿ. ಅವತ್ತು 90,000ಕ್ಕೂ ಹೆಚ್ಚು ಜನ. ಅಮೆರಿಕದ ಬ್ರೂಸ್ ಪೆನ್‌ಹಾಲ್ ಒಮ್ಮೆ ಓಲೆ ಓಲ್ಸನ್‌ನನ್ನು, ಇನ್ನೊಮ್ಮೆ ಟಾಮಿ ಕ್ನುಡ್ಸನ್‌ನನ್ನು ಗೆರೆಯ ಹತ್ತಿರ ಕೂದಲೆಳೆಯಲ್ಲಿ ಸೋಲಿಸಿ ಗೆದ್ದ. ಇಬ್ಬರೂ ಡೆನ್ಮಾರ್ಕಿನವರು. ವೆಂಬ್ಲಿಯಲ್ಲಿ ನಡೆದ ಕೊನೆಯ ವಿಶ್ವ ಫೈನಲ್ ಅದೇ. ಪೆನ್‌ಹಾಲ್ ಮರುವರ್ಷ ಮತ್ತೆ ಗೆದ್ದು, ಆಟ ಬಿಟ್ಟು ಟಿವಿ ನಟನಾದ. ಅವನು ಓಡುತ್ತಿದ್ದ ಕ್ರೇಡ್ಲಿ ಹೀತ್ ತಂಡದವರಿಗೆ ಎಷ್ಟು ಸಿಟ್ಟು ಬಂದಿತ್ತು ಅಂತೀರಿ.

1987ರ ಸೀಸನ್ ಮುಗಿದ ಮೇಲೆ ಹೈಡ್ ರೋಡ್ ಹೋಯಿತು. ಜಾಗ ಮಾರಾಟವಾಯಿತು, ಕಾರು ಹರಾಜು ಹಾಕುವವರ ಕೈಗೆ. ತಂಡ ಹತ್ತಿರದ ಕರ್ಕ್‌ಮನ್‌ಶುಲ್ಮ್ ಲೇನ್‌ನ ನಾಯಿ ಓಟದ ಸ್ಟೇಡಿಯಂಗೆ ಹೋಯಿತು. 1928ರಲ್ಲಿ ಬೆಲ್ ವ್ಯೂ ಸ್ಪೀಡ್‌ವೇ ಶುರುವಾದದ್ದೂ ಅಲ್ಲೇ. ಟ್ರ್ಯಾಕು ಚಿಕ್ಕದು. ನನಗೆ ಅದು ಕೊನೆಯವರೆಗೂ ಒಗ್ಗಲಿಲ್ಲ, ಆದರೂ ಹೋಗುವುದು ಬಿಡಲಿಲ್ಲ. ವಿಂಬಲ್ಡನ್, ಹ್ಯಾಕ್ನಿ, ಕ್ರೇಡ್ಲಿ, ರೀಡಿಂಗ್, ಕವೆಂಟ್ರಿ, ವುಲ್ವರ್‌ಹ್ಯಾಂಪ್ಟನ್ ಟ್ರ್ಯಾಕುಗಳು ಒಂದೊಂದಾಗಿ ಹೋದವು. ಜನ ಬರುವುದು ಕಡಿಮೆಯಾಯಿತು ಅನ್ನುತ್ತಾರೆ. ಅದು ಅರ್ಧ ಸತ್ಯ. ಬಹಳ ತಂಡಗಳಿಗೆ ಸ್ವಂತ ನೆಲವೇ ಇರಲಿಲ್ಲ. ಬಾಡಿಗೆ ಜಾಗದಲ್ಲಿ ಓಡುತ್ತಿದ್ದರು. ಊರು ಬೆಳೆದು ನೆಲದ ಬೆಲೆ ಏರಿದಾಗ ಮಾಲೀಕರು ಮನೆ ಕಟ್ಟುವ ಲೆಕ್ಕ ಹಾಕಿದರು. ಇತ್ತ ಪೋಲೆಂಡಿನ ಲೀಗ್ ಹೆಚ್ಚು ಹಣ ಕೊಟ್ಟಿತು, ದೊಡ್ಡ ರೈಡರುಗಳು ಅಲ್ಲಿಗೆ ಹೋದರು. ಅವರನ್ನು ದೂರುವುದಕ್ಕೆ ಆಗುತ್ತದೆಯೇ?

ಏಸಸ್ ಅದೃಷ್ಟ ಚೆನ್ನಾಗಿತ್ತು. ಅದೇ ರಸ್ತೆಯಲ್ಲಿ 2016ರಲ್ಲಿ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ ಎದ್ದಿತು. ಹೈಡ್ ರೋಡಿನ ಹಾಗೆ ಇಲ್ಲೂ ಹೊರಗಿನ ದಾರಿ ಇದೆ. 1993ರ ನಂತರ ಲೀಗ್ ಕಿರೀಟ ಮತ್ತೆ ಬಂದದ್ದು 2022ರಲ್ಲಿ. ಈಗ ರೇಸು ಸೋಮವಾರ ಸಂಜೆ. ನಿವೃತ್ತನಾದ ನನಗೆ ಯಾವ ವಾರವಾದರೇನು. ಪಕ್ಕದ ಹುಡುಗರು ಫೋನಿನಲ್ಲೇ ಸ್ಕೋರ್ ನೋಡಿಕೊಳ್ಳುತ್ತಾರೆ. ಬೋನಸ್ ಪಾಯಿಂಟ್ ಯಾರಿಗೆ ಹೋಯಿತು ಎಂಬ ಜಗಳ ಬಂದಾಗ ಮಾತ್ರ ನನ್ನ ಕಡೆ ತಿರುಗುತ್ತಾರೆ. ನಾನು ಹೇಳುತ್ತೇನೆ, ಆದರೆ ಒಂಥರಾ ನೋಡಿ ಹೇಳುತ್ತೇನೆ.