ಮಳೆನಾಡಿನಲ್ಲಿ ಮೂಗು, ಗಂಟಲು, ಕಿವಿ, ಕಣ್ಣಿನ ಆರೈಕೆ: ಶಾಲಾಕ್ಯ ತಂತ್ರದ ಕ್ರಮಗಳು

ಆಯುರ್ವೇದದ ಎಂಟು ಅಂಗಗಳಲ್ಲಿ ಕೊರಳಿನಿಂದ ಮೇಲಿನ ರೋಗಗಳಿಗೆ ಮೀಸಲಾದದ್ದು ಶಾಲಾಕ್ಯ ತಂತ್ರ. ಸುಶ್ರುತ ಸಂಹಿತೆಯ ಉತ್ತರತಂತ್ರವು ಕಣ್ಣಿನ 76, ಕಿವಿಯ 28 ಮತ್ತು ಮೂಗಿನ 31 ರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಬಹುಪಾಲಿಗೆ ವೈದ್ಯರ ಕೈಯೇ ಬೇಕು. ಮನೆಯಲ್ಲಿ ಮಾಡಿಕೊಳ್ಳಬಹುದಾದ ಭಾಗ ಚಿಕ್ಕದು, ಅದೂ ಹವಾಮಾನಕ್ಕೆ ಕಟ್ಟುಬಿದ್ದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪವಾದ ಕೊಡಗಿನಲ್ಲಿ ಯಾವ ಕ್ರಮ ಯಾವಾಗ ಎಂಬುದನ್ನು ತಿಳಿಯದೆ ಎಣ್ಣೆಯ ಸೀಸೆಗೆ ಕೈ ಹಾಕಿದರೆ ಗುಣಕ್ಕಿಂತ ತೊಂದರೆಯೇ ಹೆಚ್ಚಾದೀತು.

ಮೊದಲು ನಸ್ಯ, ಅಂದರೆ ಮೂಗಿಗೆ ಔಷಧ ಬಿಡುವ ಕ್ರಮ. ಗಿಡಮೂಲಿಕೆಗಳನ್ನು ಹಾಕಿ ಕಾಯಿಸಿದ ಎಳ್ಳೆಣ್ಣೆಯಾದ ಅಣುತೈಲದ ನಸ್ಯವನ್ನು ವರ್ಷದಲ್ಲಿ ಪ್ರಾವೃಟ್, ಶರತ್ ಮತ್ತು ವಸಂತ ಎಂಬ ಮೂರು ಕಾಲಗಳಲ್ಲಿ, ಆಕಾಶದಲ್ಲಿ ಮೋಡವಿಲ್ಲದಾಗ ಮಾಡಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಮೋಡ ಕವಿದ ದಿನ ನಸ್ಯ ಬೇಡವೆಂಬ ಈ ಮಾತನ್ನು ಬಯಲುಸೀಮೆಯವರು ಲಘುವಾಗಿ ತೆಗೆದುಕೊಳ್ಳಬಹುದು, ನಾವು ತೆಗೆದುಕೊಳ್ಳುವಂತಿಲ್ಲ. ಪ್ರಾವೃಟ್ ಎಂದರೆ ಮಳೆಯ ಆರಂಭಕಾಲ. ಭಾಗಮಂಡಲ, ನಾಪೋಕ್ಲು ಕಡೆ ಆ ದಿನಗಳಲ್ಲಿ ತಿಳಿಯಾದ ಆಕಾಶವನ್ನು ಕಾಯುತ್ತ ಕುಳಿತರೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡವೇ ಕಳೆದುಹೋಗುತ್ತದೆ. ಆದ್ದರಿಂದ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ನಂತರದ ವಾರಗಳನ್ನೂ ಕಾಫಿಯ ಹೂಮಳೆ ಮುಗಿದ ಮೇಲಿನ ಬಿಸಿಲಿನ ದಿನಗಳನ್ನೂ ಆರಿಸಿಕೊಳ್ಳುವುದು ಲೇಸು.

ಮನೆಗೆ ಒಪ್ಪುವುದು ಪ್ರತಿಮರ್ಶ, ಅಂದರೆ ಅಲ್ಪ ಪ್ರಮಾಣದ ನಸ್ಯ ಮಾತ್ರ. ಪ್ರತಿ ಹೊಳ್ಳೆಗೆ ಎರಡು ಹನಿ. ತೋರುಬೆರಳಿನ ಎರಡು ಗಿಣ್ಣು ಎಣ್ಣೆಯಲ್ಲಿ ಮುಳುಗುವಂತೆ ಅದ್ದಿ ಎತ್ತಿದಾಗ ಬೀಳುವುದೇ ಒಂದು ಹನಿ ಎಂಬುದು ಗ್ರಂಥಗಳ ಅಳತೆ. ಅಣುತೈಲ ಸಿಗದಿದ್ದರೆ ಶುದ್ಧ ಎಳ್ಳೆಣ್ಣೆ ಸಾಕು, ಏಕೆಂದರೆ ತಲೆಯು ಕಫದ ನೆಲೆಯಾದ್ದರಿಂದ ನಿತ್ಯದ ನಸ್ಯಕ್ಕೆ ಎಣ್ಣೆಯೇ ಶ್ರೇಷ್ಠವೆಂದು ಅಷ್ಟಾಂಗಹೃದಯ ಹೇಳುತ್ತದೆ. ಬೆಳಿಗ್ಗೆ ಶೌಚ, ಹಲ್ಲುಜ್ಜುವಿಕೆ ಮುಗಿಸಿ, ಹಣೆ ಮತ್ತು ಕೆನ್ನೆಗಳಿಗೆ ಎಣ್ಣೆ ಸವರಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಶಾಖ ಕೊಟ್ಟು, ತಲೆ ತುಸು ತಗ್ಗುವಂತೆ ಅಂಗಾತ ಮಲಗಬೇಕು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟೇ ಬೆಚ್ಚಗೆ ಮಾಡಬೇಕೇ ಹೊರತು ಒಲೆಯ ಮೇಲೆ ನೇರವಾಗಿ ಕಾಯಿಸಬಾರದು. ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಹನಿ ಬಿಟ್ಟು ಮೆಲ್ಲನೆ ಒಳಗೆಳೆದು, ಗಂಟಲಿಗೆ ಇಳಿದದ್ದನ್ನು ನುಂಗದೆ ಉಗುಳಿ, ಕೊನೆಗೆ ಬೆಚ್ಚನೆಯ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಊಟವಾದ ಕೂಡಲೇ, ತಲೆಸ್ನಾನದ ನಂತರ, ಹೊಸದಾಗಿ ನೆಗಡಿ ಬಂದಾಗ, ಕೆಮ್ಮು ದಮ್ಮು ಇರುವಾಗ ನಸ್ಯ ನಿಷಿದ್ಧ. ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ವೃದ್ಧರಿಗೂ ಮನೆಯಲ್ಲಿ ಇದನ್ನು ಮಾಡಲೇಬಾರದು.

ಹಾಗಾದರೆ ಮೂಗು ಕಟ್ಟುವ ಮಳೆಗಾಲಕ್ಕೆ ಏನು? ತುಳಸಿ ಅಥವಾ ಲಕ್ಕಿಸೊಪ್ಪು ಹಾಕಿದ ನೀರಿನ ಹಬೆ, ಜೊತೆಗೆ ಕವಲ. ಹಬೆಯ ಪಾತ್ರೆಯನ್ನು ನೆಲದ ಮೇಲೆ ಭದ್ರವಾಗಿಟ್ಟು ಮಕ್ಕಳನ್ನು ದೂರವಿರಿಸಿದರೆ ಆಯಿತು.

ಬಾಯಿಯಲ್ಲಿ ಆಡಿಸಬಹುದಾದಷ್ಟು ದ್ರವವನ್ನು ತೆಗೆದುಕೊಳ್ಳುವುದು ಕವಲ. ಅಲುಗಿಸಲಾಗದಂತೆ ಬಾಯಿ ತುಂಬಿಸಿ ಹಿಡಿಯುವುದು ಗಂಡೂಷ. ಗಂಟಲು ಕೆರೆತಕ್ಕೆ ಎರಡು ಲೋಟ ನೀರಿಗೆ ಒಂದು ಚಮಚ ತ್ರಿಫಲಾ ಚೂರ್ಣ ಹಾಕಿ ಅರ್ಧಕ್ಕೆ ಇಳಿಸಿ, ಶೋಧಿಸಿ, ಬೆಚ್ಚಗಿರುವಾಗ ಕವಲ ಮಾಡಬೇಕು. ಉಪ್ಪು, ಅರಿಶಿನದ ನೀರೂ ಆದೀತು. ಬಾಯಿ ಕಫದಿಂದ ತುಂಬಿ ಮೂಗು, ಕಣ್ಣುಗಳಲ್ಲಿ ನೀರು ಬರುವವರೆಗೆ ಹಿಡಿಯಬೇಕೆಂದು ಶಾಸ್ತ್ರ ಹೇಳುತ್ತದೆ. ನಂತರ ತೋಟದ ಕರಿಮೆಣಸಿನ ಪುಡಿ ಒಂದು ಚಿಟಿಕೆ, ಅತಿಮಧುರದ ಪುಡಿ ತುಸು, ಜೇನಿನಲ್ಲಿ ಕಲಸಿ ನಿಧಾನವಾಗಿ ಚಪ್ಪರಿಸಬಹುದು. ಆಯುರ್ವೇದದಲ್ಲಿ ಜೇನನ್ನು ಕಾಯಿಸುವುದು ವರ್ಜ್ಯ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡುವುದೂ ವರ್ಜ್ಯವೇ. ಅಂದಹಾಗೆ, ಕಕ್ಕಡ 18ರಂದು ಪಾಯಸ ಮಾಡುವ ಮದ್ದುತೊಪ್ಪು ಉಣ್ಣುವ ಸೊಪ್ಪು. ಅದರ ರಸವನ್ನು ಕಿವಿಗೋ ಕಣ್ಣಿಗೋ ಹಿಂಡಬಾರದು. ನುಂಗಲಾಗದಷ್ಟು ನೋವು, ಉಸಿರಾಟಕ್ಕೆ ಅಡಚಣೆ ಅಥವಾ ಬಿಡದ ಜ್ವರವಿದ್ದರೆ ಕಷಾಯ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಕಿವಿಗೆ ಬೆಚ್ಚನೆಯ ಎಣ್ಣೆ ತುಂಬುವ ಕರ್ಣಪೂರಣ ಆರೋಗ್ಯವಂತ ಕಿವಿಗೆ ಮಾತ್ರ. ನೂರು ಮಾತ್ರೆಗಳಷ್ಟು ಹೊತ್ತು, ಅಂದರೆ ಮೊಣಕಾಲಿನ ಸುತ್ತ ಅಂಗೈಯನ್ನು ನೂರು ಸಲ ಸುತ್ತಿಸುವಷ್ಟು ಹೊತ್ತು, ಮಗ್ಗುಲಾಗಿ ಮಲಗಿ ಕಿವಿಯ ಬುಡವನ್ನು ಮೃದುವಾಗಿ ನೀವಿ, ಆಮೇಲೆ ಎಣ್ಣೆಯನ್ನು ಹತ್ತಿಗೆ ಬಸಿಯಬೇಕು. ಸೋರುವ ಕಿವಿಗೆ, ಪರದೆ ತೂತಾದ ಕಿವಿಗೆ, ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದು ತುರಿಸುವ ಕಿವಿಗೆ ಎಣ್ಣೆ ಬಿಟ್ಟರೆ ರೋಗ ಉಲ್ಬಣಿಸುತ್ತದೆ. ಅಂಥ ಕಿವಿಯನ್ನು ಒಣಗಿರಿಸಿಕೊಂಡು ವೈದ್ಯರಿಗೆ ತೋರಿಸುವುದಷ್ಟೇ ಮನೆಯವರ ಕೆಲಸ.

ಕಣ್ಣಿನ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿ. ತೇಜೋಮಯವಾದ ಕಣ್ಣಿಗೆ ಕಫದ ಭಯ ಹೆಚ್ಚೆಂದು ಹೇಳುವ ಶಾಸ್ತ್ರ ರಸಾಂಜನ (ಕಣ್ಣಿಗೆ ಹಚ್ಚುವ ಒಂದು ಅಂಜನ), ಆಶ್ಚ್ಯೋತನ (ಕಣ್ಣಿಗೆ ಔಷಧದ ಹನಿ ಬಿಡುವುದು) ಎಂಬ ಕ್ರಮಗಳನ್ನು ವಿವರಿಸುತ್ತದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ತುಪ್ಪ ನಿಲ್ಲಿಸುವ ನೇತ್ರತರ್ಪಣವೂ ಇದೆ. ಇವೆಲ್ಲ ತರಬೇತಿ ಪಡೆದ ಶಾಲಾಕ್ಯ ವೈದ್ಯರ ಕೆಲಸ. ಮನೆಯ ಕಷಾಯ, ಜೇನು, ಎಲೆಯ ರಸ ಎಷ್ಟು ಶೋಧಿಸಿದರೂ ಸೋಂಕುರಹಿತವಾಗುವುದಿಲ್ಲ, ಆದ್ದರಿಂದ ಅವುಗಳನ್ನು ಕಣ್ಣಿಗೆ ಹಾಕಬಾರದು.

ತೋಟದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಣ್ಣಿಗೆ ಸಿಡಿದರೆ ತುಪ್ಪ, ಎಣ್ಣೆ, ಹಾಲು ಯಾವುದನ್ನೂ ಹುಡುಕದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 15ರಿಂದ 20 ನಿಮಿಷ ಸತತವಾಗಿ ಹರಿಸಬೇಕು. ಸುಣ್ಣದ ಕ್ಷಾರ ಒಳಗೊಳಗೇ ಸುಡುತ್ತ ಹೋಗುವುದರಿಂದ ಉರಿ ತಗ್ಗಿದರೂ ಅದೇ ದಿನ ನೇತ್ರತಜ್ಞರಲ್ಲಿಗೆ ಹೋಗಬೇಕು. ಸಿಂಪಡಿಸುತ್ತಿದ್ದ ಔಷಧದ ಪೊಟ್ಟಣವನ್ನು ಜೊತೆಗೆ ಒಯ್ದರೆ ಅವರಿಗೆ ಚಿಕಿತ್ಸೆ ಸುಲಭವಾಗುತ್ತದೆ.