ಬ್ಯಾಸ್ಕೆಟ್‌ಬಾಲ್ ಬಾಕ್ಸ್ ಸ್ಕೋರ್ ಓದುವುದು ಹೇಗೆ?

ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್. 2024ರ ಆಗಸ್ಟ್ 8, ಬೆರ್ಸಿ ಅರೇನಾ. ಅಮೆರಿಕ 95, ಸರ್ಬಿಯಾ 91. ಪಂದ್ಯದ ನಂತರ ಎಲ್ಲೆಲ್ಲೂ ಅಮೆರಿಕದ ಸ್ಟೀಫನ್ ಕರ್ರಿ ಅವರ 36 ಅಂಕಗಳದ್ದೇ ಮಾತು. ಆ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಸುದ್ದಿಯನ್ನಷ್ಟೇ ಓದಿದವರಿಗೆ ಪಂದ್ಯದ ಅರ್ಧ ಭಾಗವೂ ದಕ್ಕಿರಲಾರದು. ಪ್ರತಿ ಆಟಗಾರನಿಗೆ ಒಂದೊಂದು ಸಾಲು ಮೀಸಲಿಟ್ಟು, ಅವನು ಮಾಡಿದ್ದನ್ನೂ ಕೆಡಿಸಿದ್ದನ್ನೂ ದಾಖಲಿಸುವ ಹಾಳೆಯೊಂದಿದೆ. ಅದೇ ಬಾಕ್ಸ್ ಸ್ಕೋರ್. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಕ್ರಮ ಗೊತ್ತಿದ್ದರೆ ಒಂದು ಹಾಳೆ ಓದಲು ಹತ್ತು ನಿಮಿಷ ಸಾಕು.

ಮೊದಲು ಕ್ವಾರ್ಟರ್ ಲೆಕ್ಕ

ಆಟಗಾರರ ಹೆಸರಿಗೆ ಹೋಗುವ ಮುನ್ನ ಹಾಳೆಯ ತಲೆಭಾಗ ನೋಡಿ. ಫಿಬಾ ನಿಯಮದಲ್ಲಿ ಪಂದ್ಯವೆಂದರೆ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಇದು 48 ನಿಮಿಷ. ಹಾಗಾಗಿ ಅಲ್ಲಿನ 25 ಅಂಕ, ಇಲ್ಲಿನ 25 ಅಂಕ ಒಂದೇ ಅಲ್ಲ. ಫೌಲ್‌ಗಳೂ ಅಷ್ಟೇ: ಫಿಬಾದಲ್ಲಿ ಐದನೆಯದಕ್ಕೆ ಆಟಗಾರ ಹೊರಗೆ, ಎನ್‌ಬಿಎಯಲ್ಲಿ ಆರನೆಯದಕ್ಕೆ.

ಸೆಮಿಫೈನಲ್‌ನ ಕ್ವಾರ್ಟರ್‌ಗಳು ಅಮೆರಿಕದ ಕಡೆಯಿಂದ ಹೀಗಿದ್ದವು: 23–31, 20–23, 20–22, 32–15. ಮೂರನ್ನೂ ಸೋತ ತಂಡ ನಾಲ್ಕನೆಯದರಲ್ಲಿ 17 ಅಂಕಗಳ ಅಂತರದಿಂದ ಗೆದ್ದಿತು. ಕೊನೆಯ ಹತ್ತು ನಿಮಿಷಕ್ಕೆ ಇಳಿಯುವಾಗ ಸರ್ಬಿಯಾ 13 ಅಂಕ ಮುಂದಿತ್ತು. ಈ ಒಂದು ಸಾಲು ಕಣ್ಣಿಗೆ ಬಿದ್ದ ಮೇಲೆ ಉಳಿದ ಹಾಳೆಯನ್ನು ಓದುವ ಪ್ರಶ್ನೆಯೇ ಬದಲಾಗುತ್ತದೆ. ಯಾರು ಹೆಚ್ಚು ಅಂಕ ಗಳಿಸಿದರು ಎಂಬುದಲ್ಲ, ಮೂವತ್ತು ನಿಮಿಷ ಹಿಂದಿದ್ದ ತಂಡವನ್ನು ಹಿಡಿದು ನಿಲ್ಲಿಸಿದವರು ಯಾರು ಎಂಬುದು.

ಅಂಕಕ್ಕೂ ಮುಂಚೆ ನಿಮಿಷ

ಹೆಸರಿನ ಪಕ್ಕದಲ್ಲೇ ಆಡಿದ ನಿಮಿಷಗಳಿರುತ್ತವೆ. ಕೆಲವರ ಸಾಲಿನಲ್ಲಿ ಅಂಕಿಗಳ ಬದಲು ‘ಡಿಎನ್‌ಪಿ’ ಎಂದಿರುತ್ತದೆ, ಅಂದರೆ ಅಂಗಳಕ್ಕೆ ಇಳಿಯಲೇ ಇಲ್ಲ. ಈ ಪಂದ್ಯದಲ್ಲಿ ಜೇಸನ್ ಟೇಟಮ್‌ನಂಥ ತಾರೆಯ ಸಾಲೂ ಹಾಗೆಯೇ ಇತ್ತು.

ನಿಮಿಷದ ಬೆಲೆ ಅರಿಯಲು ಇನ್ನೊಂದು ಒಲಿಂಪಿಕ್ಸ್‌ಗೆ ಹೋಗಬೇಕು. 2012ರ ಲಂಡನ್‌ನಲ್ಲಿ ನೈಜೀರಿಯಾ ವಿರುದ್ಧ ಅಮೆರಿಕದ ಕಾರ್ಮೆಲೊ ಆಂಥೊನಿ ಕೇವಲ 14 ನಿಮಿಷಗಳಲ್ಲಿ 37 ಅಂಕ ಗಳಿಸಿದ್ದರು. ದೂರದಿಂದ ಎಸೆದ 12ರಲ್ಲಿ 10 ಒಳಗೆ. ಬೆರಗಾಗಿಸುವ ಲೆಕ್ಕ. ಆದರೆ ಆ ಪಂದ್ಯ ಮುಗಿದದ್ದು 156–73ಕ್ಕೆ. ಕರ್ರಿ ಅವರ 36, ಕೇವಲ 4 ಅಂಕಗಳಿಂದ ಗೆದ್ದ ಪಂದ್ಯದಲ್ಲಿ ಬಂದದ್ದು. ದಾಖಲೆಯಲ್ಲಿ 37 ಮೇಲಿದೆ. ನನ್ನ ತೂಕದಲ್ಲಿ 36 ಬಹಳ ಮೇಲಿದೆ. ನಿಮಿಷದ ಜೊತೆಗೆ ಗೆಲುವಿನ ಅಂತರವನ್ನೂ ಓದಬೇಕೆನ್ನುವುದು ಇದಕ್ಕೇ.

ಎಸೆತಗಳ ಲೆಕ್ಕ: ಇಲ್ಲಿ ನಿಧಾನಿಸಿ

ಕ್ರಿಕೆಟ್‌ನಲ್ಲಿ ರನ್ನಿನ ಪಕ್ಕ ಎಸೆತಗಳ ಸಂಖ್ಯೆ ಇಲ್ಲದಿದ್ದರೆ ಅರ್ಧಶತಕದ ಬೆಲೆ ಹೇಗೆ ತಿಳಿಯುವುದಿಲ್ಲವೋ, ಇಲ್ಲೂ ಅಷ್ಟೇ. ಫಿಬಾ ಹಾಳೆಯಲ್ಲಿ ಎರಡು ಅಂಕದ ಎಸೆತ, ಮೂರು ಅಂಕದ ಎಸೆತ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ, ಯಾರೂ ತಡೆಯದ ಒಂದು ಅಂಕದ ಎಸೆತ) ಬೇರೆಬೇರೆ ಕಾಲಮ್‌ಗಳಲ್ಲಿರುತ್ತವೆ. ಮೊದಲೆರಡನ್ನು ಕೂಡಿಸಿದರೆ ಫೀಲ್ಡ್ ಗೋಲ್. ಪ್ರತಿ ಕಾಲಮ್‌ನಲ್ಲೂ ‘12/19’ ರೀತಿಯ ಬರಹವಿರುತ್ತದೆ: 19 ಎಸೆದು 12 ಹಾಕಿದ್ದಾರೆ ಎಂದು. ಮೂರು ಅಂಕದ ಗೆರೆ ಬುಟ್ಟಿಯಿಂದ 6.75 ಮೀಟರ್ ದೂರ.

12/19 ಎಂಬುದು ಸೆಮಿಫೈನಲ್‌ನಲ್ಲಿ ಕರ್ರಿ ಅವರದೇ ಲೆಕ್ಕ. ಅದರೊಳಗೆ ಮೂರು ಅಂಕದ್ದು 9/14. ಈಗ ನೀವೇ ಕೂಡಿ ನೋಡಿ: 9 ಎಸೆತಗಳಿಗೆ 27, ಉಳಿದ 3ಕ್ಕೆ 6, ಒಟ್ಟು 33. ಉಳಿದ 3 ಅಂಕ ಫ್ರೀ ಥ್ರೋಗಳಿಂದ. ಹೀಗೆ ಒಂದು ಸಾಲನ್ನಾದರೂ ಕೈಯಾರೆ ಕೂಡಿದರೆ ಹಾಳೆ ಪರಿಚಿತವಾಗುತ್ತದೆ.

ಬರೀ ಶೇಕಡಾವಾರು ನೋಡುವುದರಲ್ಲಿ ಒಂದು ದೋಷವಿದೆ. 12/19 ಎಂದರೆ ಶೇ 63. ಆದರೆ ಹಾಕಿದ 12ರಲ್ಲಿ 9ಕ್ಕೆ ಒಂದೊಂದು ಅಂಕ ಹೆಚ್ಚು ಬಂದಿದೆ. ಅದನ್ನು ಸರಿದೂಗಿಸಲು, ಒಟ್ಟು ಹಾಕಿದ ಎಸೆತಗಳಿಗೆ ಮೂರು ಅಂಕದ ಎಸೆತಗಳ ಅರ್ಧವನ್ನು ಸೇರಿಸಿ, ಪ್ರಯತ್ನಗಳಿಂದ ಭಾಗಿಸಬೇಕು: 12 + 4.5 = 16.5, ಅದನ್ನು 19ರಿಂದ ಭಾಗಿಸಿದರೆ ಸುಮಾರು ಶೇ 87. ಎರಡು ದಿನಗಳ ನಂತರ ಫ್ರಾನ್ಸ್ ವಿರುದ್ಧದ ಫೈನಲ್‌ನಲ್ಲಿ ಕರ್ರಿ 13ರಲ್ಲಿ 8 ಹಾಕಿದರು, ಎಂಟೂ ಮೂರು ಅಂಕದವು. ಅದೇ ಸೂತ್ರ ಹಚ್ಚಿದರೆ ಶೇ 92. ಅಂಕ ನೋಡಿದರೆ ಫೈನಲ್‌ನದು 24 ಮಾತ್ರ, ಸೆಮಿಫೈನಲ್‌ಗಿಂತ 12 ಕಡಿಮೆ. ಎಸೆತ ವ್ಯರ್ಥ ಮಾಡದ ಆಟವೆಂದರೆ ಫೈನಲ್‌ನದೇ.

ಅಂಕ ಹುಟ್ಟಿಸಿದವರು

ಅಸಿಸ್ಟ್ ಎಂದರೆ ನೇರವಾಗಿ ಅಂಕಕ್ಕೆ ದಾರಿಯಾದ ಪಾಸ್. ಫಿಬಾದಲ್ಲಿ ಇನ್ನೊಂದು ಉದಾರತೆಯಿದೆ: ಪಾಸ್ ಪಡೆದವನು ಎಸೆಯುವಾಗ ಫೌಲ್‌ಗೆ ಒಳಗಾಗಿ ಒಂದಾದರೂ ಫ್ರೀ ಥ್ರೋ ಹಾಕಿದರೆ ಅದೂ ಅಸಿಸ್ಟ್. ಎನ್‌ಬಿಎಯಲ್ಲಿ ಹಾಗಿಲ್ಲ.

ರೀಬೌಂಡ್‌ಗೆ ಎರಡು ಕಾಲಮ್. ಎದುರಾಳಿ ತಪ್ಪಿದ ಚೆಂಡನ್ನು ಹಿಡಿದರೆ ಡಿಫೆನ್ಸಿವ್. ತನ್ನ ತಂಡವೇ ತಪ್ಪಿದ್ದನ್ನು ಮತ್ತೆ ಹಿಡಿದರೆ ಅಫೆನ್ಸಿವ್, ಅಂದರೆ ಇನ್ನೊಂದು ಅವಕಾಶ. ಎರಡನೆಯದು ಅಪರೂಪ, ಹಾಗಾಗಿ ದುಬಾರಿ.

ಈ ಕಾಲಮ್‌ಗಳಿಗೆ ಬಂದಾಗಲೇ ಸೆಮಿಫೈನಲ್‌ನ ಎರಡನೆಯ ಕಥೆ ತೆರೆದುಕೊಳ್ಳುತ್ತದೆ. ಅಮೆರಿಕದ ಲೆಬ್ರಾನ್ ಜೇಮ್ಸ್: 16 ಅಂಕ, 12 ರೀಬೌಂಡ್, 10 ಅಸಿಸ್ಟ್. ಮೂರು ವಿಭಾಗಗಳಲ್ಲಿ ಎರಡಂಕಿ ಮುಟ್ಟಿದರೆ ಅದು ಟ್ರಿಪಲ್ ಡಬಲ್. ಆಗ ಅವರಿಗೆ 39 ವರ್ಷ. ಫೈನಲ್‌ನಲ್ಲೂ 14 ಅಂಕ, 6 ರೀಬೌಂಡ್, 10 ಅಸಿಸ್ಟ್. ಎರಡೂ ಪಂದ್ಯಗಳಲ್ಲಿ ಹೆಚ್ಚು ಅಂಕ ಗಳಿಸಿದವರು ಅವರಲ್ಲ, ಆದರೂ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ. ಅಂಕದ ಕಾಲಮ್ ಒಂದನ್ನೇ ಓದುವವರಿಗೆ ಈ ಆಯ್ಕೆ ಅರ್ಥವಾಗುವುದೇ ಇಲ್ಲ.

ಸೋತ ತಂಡದ ಹಾಳೆಯನ್ನೂ ಇಷ್ಟೇ ಗೌರವದಿಂದ ಓದಿ. ನಿಕೊಲಾ ಯೋಕಿಚ್ 17 ಅಂಕದ ಜೊತೆ 11 ಅಸಿಸ್ಟ್ ನೀಡಿದ್ದರು. ಬೋಗ್ದಾನ್ ಬೋಗ್ದಾನೊವಿಚ್ 20 ಅಂಕ. ಸರ್ಬಿಯಾ ಮೂವತ್ತು ನಿಮಿಷ ಮುನ್ನಡೆಸಿದ್ದು ಅದೃಷ್ಟದಿಂದಲ್ಲ. ಕಂಚಿನ ಪಂದ್ಯದಲ್ಲಿ ಜರ್ಮನಿಯನ್ನು 93–83ರಿಂದ ಸೋಲಿಸುವಾಗ ಯೋಕಿಚ್ 19 ಅಂಕ, 12 ರೀಬೌಂಡ್, 11 ಅಸಿಸ್ಟ್‌ಗಳ ಟ್ರಿಪಲ್ ಡಬಲ್ ದಾಖಲಿಸಿದರು.

ಸ್ಟೀಲ್, ಬ್ಲಾಕ್, ಟರ್ನ್‌ಓವರ್ ಸುಲಭ: ಚೆಂಡು ಕಸಿದದ್ದು, ಎಸೆತ ತಡೆದದ್ದು, ಚೆಂಡು ಕಳೆದುಕೊಂಡದ್ದು.

ಕೊನೆಯ ಎರಡು ಕಾಲಮ್

ಪ್ಲಸ್–ಮೈನಸ್: ಆಟಗಾರ ಅಂಗಳದಲ್ಲಿದ್ದಾಗ ಅವನ ತಂಡ ಎಷ್ಟು ಅಂಕ ಮುಂದೆ ಅಥವಾ ಹಿಂದೆ ಹೋಯಿತು ಎಂಬ ಲೆಕ್ಕ. ಒಂದೇ ಪಂದ್ಯದಲ್ಲಿ ಇದನ್ನು ನಂಬುವುದು ಅಪಾಯ. ಆ ಕೊನೆಯ ಕ್ವಾರ್ಟರ್ ಪೂರ್ತಿ ಅಂಗಳದಲ್ಲಿ ನಿಂತ ಸರ್ಬಿಯಾ ಆಟಗಾರನ ಲೆಕ್ಕದಿಂದ, ಅವನು ಒಂದು ತಪ್ಪನ್ನೂ ಮಾಡದಿದ್ದರೂ, 17 ಕಳೆದುಹೋಗುತ್ತದೆ.

ಎಫಿಷಿಯೆನ್ಸಿ: ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಲ್ಲವನ್ನೂ ಕೂಡಿಸಿ, ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ, ಟರ್ನ್‌ಓವರ್‌ಗಳನ್ನು ಕಳೆದರೆ ಬರುವ ಸಂಖ್ಯೆ. ಅನುಕೂಲಕರ, ಆದರೆ ಒರಟು. ಒಂದು ಅಸಿಸ್ಟ್‌ಗೂ ಒಂದು ಬ್ಲಾಕ್‌ಗೂ ಒಂದೇ ಬೆಲೆ ಕಟ್ಟುತ್ತದೆ. ಎದುರಾಳಿಯ ಶ್ರೇಷ್ಠ ಆಟಗಾರನ ಎದುರು ಎದೆಗೊಟ್ಟು ನಿಂತು ಅವನನ್ನು ದೂರ ತಳ್ಳಿದವನಿಗೆ ಇಲ್ಲಿ ಏನೂ ಸಿಗುವುದಿಲ್ಲ. ಈ ಅನ್ಯಾಯ ನನ್ನನ್ನು ಕಾಡುತ್ತದೆ, ಏಕೆಂದರೆ ಸರ್ಬಿಯಾವನ್ನು 15 ಅಂಕಗಳಿಗೆ ಕಟ್ಟಿಹಾಕಿದ ಕ್ವಾರ್ಟರ್‌ನಲ್ಲಿ ಅಂಥ ಕೆಲಸ ಬಹಳಷ್ಟು ನಡೆದಿತ್ತು.

ಆ ಕೊರತೆ ತುಂಬಲು ಬಾಕ್ಸ್ ಸ್ಕೋರ್ ಜೊತೆಗೇ ಸಿಗುವ ‘ಪ್ಲೇ ಬೈ ಪ್ಲೇ’ ತೆರೆಯಿರಿ. ಪ್ರತಿ ಎಸೆತ, ಫೌಲ್, ಆಟಗಾರರ ಬದಲಾವಣೆ ಅಲ್ಲಿ ಗಡಿಯಾರದ ಸಮಯದೊಂದಿಗೆ ದಾಖಲಾಗಿರುತ್ತವೆ. 2019ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಫೈನಲ್‌ನಲ್ಲಿ ಜಪಾನ್ ಚೀನಾವನ್ನು 71–68ರಿಂದ ಮಣಿಸಿತ್ತು. ಅಂಥ ಬಿಗಿ ಪಂದ್ಯಗಳೇ ಅಭ್ಯಾಸಕ್ಕೆ ಒಳ್ಳೆಯವು. ಪ್ಯಾರಿಸ್ ಫೈನಲ್‌ನಿಂದ ಶುರು ಮಾಡುವುದಾದರೆ, ಇನ್ನು ಮೂರು ನಿಮಿಷ ಉಳಿದು ಅಮೆರಿಕ 82–79ರಿಂದ ಮಾತ್ರ ಮುಂದಿದ್ದ ಹಂತಕ್ಕೆ ನೇರವಾಗಿ ಹೋಗಿ. ಅಲ್ಲಿಂದ 98–87ರ ಕೊನೆಯವರೆಗೆ ಕರ್ರಿ ಅವರ ಹೆಸರಿನ ಮುಂದೆ ನಾಲ್ಕು ಬಾರಿ ಮೂರು ಅಂಕ ಕಾಣಿಸುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಪಾಸ್ ಕೊಟ್ಟವರು ಯಾರೆಂದು ನೋಡುತ್ತಾ ಹೋಗಿ.